ವಾರಕ್ಕೆ ಎರಡು ತಾಸು, ಜೋಡಿಗೆ ಐದು ಮನೆ: ನಮ್ಮ ಧರ್ಮಕೇಂದ್ರಗಳಿಗೆ ಒಂದು ಬಹಿರಂಗ ಪತ್ರ

ಬೆಳಗಾವಿ ಧರ್ಮಕ್ಷೇತ್ರದ ಪರಮಪೂಜ್ಯ ಧರ್ಮಾಧ್ಯಕ್ಷರಿಗೆ, ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿ ಭಾಗದ ವಂದನೀಯ ಗುರುಗಳಿಗೆ, ಸಿಸ್ಟರುಗಳಿಗೆ, ಪಾಲನಾ ಪರಿಷತ್ತಿನ ಹಿರಿಯರಿಗೆ, ಹಾಗೆಯೇ ನಮ್ಮ ವಯಸ್ಸಿನ ಕಥೋಲಿಕ ಯುವಕ ಯುವತಿಯರಿಗೆ,

ವಂದನೆಗಳು.

ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲ ಬಂತೆಂದರೆ ಚರ್ಚಿನ ಯುವಜನರಿಗೆ ಬಿಡುವಿರುವುದಿಲ್ಲ. ಗೋದಲಿ ಕಟ್ಟಬೇಕು, ನಕ್ಷತ್ರ ಏರಿಸಬೇಕು, ಓಣಿ ಓಣಿ ತಿರುಗಿ ಕ್ಯಾರಲ್ ಹಾಡಬೇಕು. ಅದರ ನಡುವೆ ಸೇವಾಕಾರ್ಯಕ್ಕೆ ಅಂತ ಒಂದು ದಿನ. ಆ ದಿನ ರೈಲು ನಿಲ್ದಾಣದ ಹೊರಗೆ ಮಲಗಿದವರಿಗೆ ಕಂಬಳಿ, ಆಸ್ಪತ್ರೆ ವಾರ್ಡಿನಲ್ಲಿ ಬಾಳೆಹಣ್ಣು, ವೃದ್ಧಾಶ್ರಮದಲ್ಲಿ ಕೇಕು. ಮಾಡುವವರ ಮನಸ್ಸು ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕ್ರಿಸ್ಮಸ್ ವಾರದಲ್ಲಿ ಒಬ್ಬನೇ ಅಜ್ಜನಿಗೆ ಮೂರು ಸಂಘದವರು ಮೂರು ಕಂಬಳಿ ಕೊಟ್ಟು ಹೋಗುತ್ತಾರೆ. ಹೊತ್ತು ತಿರುಗಲಾಗದೆ ಆತ ಎರಡನ್ನು ಮಾರಿಬಿಡುತ್ತಾನೆ. ಅದೇ ಅಜ್ಜನಿಗೆ ಏಪ್ರಿಲ್ ಬಿಸಿಲಿನಲ್ಲಿ ಕಾಲು ಬಾತುಕೊಂಡರೆ ಕೇಳುವವರಿರುವುದಿಲ್ಲ. ಆತನಿಗೆ ಬರಬೇಕಾದ ಪಿಂಚಣಿ ಏಕೆ ನಿಂತಿದೆ ಎಂದು ನೋಡುವವರಂತೂ ಮೊದಲೇ ಇಲ್ಲ.

ನಮ್ಮ ಕೋರಿಕೆ ಇಷ್ಟು. ಯುವಜನರ ಸೇವೆಯನ್ನು ಹಬ್ಬದ ಹಂಚಿಕೆಯಿಂದ ವರ್ಷವಿಡೀ ನಡೆಯುವ ಮನೆ ಭೇಟಿಗೆ ತಿರುಗಿಸಿ. ಬಡವರಿಗೆ ಕಾನೂನುಬದ್ಧವಾಗಿ ಸಲ್ಲಬೇಕಾದದ್ದು ಸಲ್ಲುವಂತೆ ಮಾಡುವ ಕಾಗದಪತ್ರದ ಕೆಲಸವನ್ನು ನಮ್ಮ ಧರ್ಮಕೇಂದ್ರಗಳ (ಪ್ಯಾರಿಷ್‌ಗಳ) ಮೊದಲ ಸೇವೆಯೆಂದು ಒಪ್ಪಿಕೊಳ್ಳಿ.

ಇದೇನೂ ಹೊಸ ಮಾತಲ್ಲ. 1965ರ ನವೆಂಬರ್ 18ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಶ್ರೀಸಾಮಾನ್ಯ ವಿಶ್ವಾಸಿಗಳ ಸೇವೆಯ ಕುರಿತು ಹೊರಡಿಸಿದ ಕಟ್ಟಳೆಯ ಎಂಟನೆಯ ವಿಭಾಗವನ್ನು ದಯವಿಟ್ಟು ಇನ್ನೊಮ್ಮೆ ತೆರೆದು ನೋಡಿ. ಮೊದಲು ನ್ಯಾಯ ಸಲ್ಲಬೇಕು, ಹಕ್ಕಾಗಿ ಬರಬೇಕಾದದ್ದನ್ನೇ ದಾನವೆಂದು ಕೊಡಬಾರದು, ಕಷ್ಟದ ಜೊತೆಗೆ ಕಷ್ಟದ ಕಾರಣವನ್ನೂ ತೆಗೆಯಬೇಕು, ನೆರವು ಪಡೆದವರು ಬರಬರುತ್ತ ತಮ್ಮ ಕಾಲ ಮೇಲೆ ನಿಲ್ಲುವಂತಿರಬೇಕು ಎಂಬುದು ಅದರ ಸಾರ. ನಾಡಕಚೇರಿಯ ಸಾಲಿನಲ್ಲಿ ಒಬ್ಬ ವಿಧವೆಯ ಜೊತೆ ನಿಲ್ಲುವುದು ಈ ಕಟ್ಟಳೆಯನ್ನು ಅಕ್ಷರಶಃ ಪಾಲಿಸಿದ ಹಾಗೆ.

ಯುವಜನರ ಕೈಯಲ್ಲಿ ಇದು ಸಾಧ್ಯವೇ ಎಂದು ಕೇಳುವ ಹಿರಿಯರಿದ್ದಾರೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಸಂತ ವಿನ್ಸೆಂಟ್ ಡಿ ಪಾಲ್ ಸಭೆ ಶುರುವಾದಾಗ ಅದನ್ನು ಗೆಳೆಯರೊಂದಿಗೆ ಕಟ್ಟಿದ ಫ್ರೆಡರಿಕ್ ಓಜನಾಮನಿಗೆ 20 ವರ್ಷ, ಆತನಿನ್ನೂ ವಿದ್ಯಾರ್ಥಿ. ನಿಮ್ಮ ಧರ್ಮ ಬಡವರಿಗೆ ಈಗ ಏನು ಮಾಡುತ್ತಿದೆ ಎಂದು ಚರ್ಚಾಕೂಟದಲ್ಲಿ ಸಹಪಾಠಿಗಳು ಕೆಣಕಿದ್ದಕ್ಕೆ ಆತನೂ ಗೆಳೆಯರೂ ಮನೆ ಭೇಟಿಯ ಮೂಲಕ ಉತ್ತರ ಕೊಟ್ಟರು. ಅವರಿಗೂ ಮೊದಲು ದಾರಿ ಗೊತ್ತಿರಲಿಲ್ಲ. ಮುಫ್ತಾರ್ ಬಡಾವಣೆಯಲ್ಲಿ ವರ್ಷಗಟ್ಟಲೆ ಬಡವರ ನಡುವೆ ಕೆಲಸ ಮಾಡುತ್ತಿದ್ದ ಸಿಸ್ಟರ್ ರೊಸಾಲಿ ರೆಂದು ಅವರಿಗೆ ಕುಟುಂಬಗಳ ಪಟ್ಟಿ ಕೊಟ್ಟು, ಹೇಗೆ ಹೋಗಬೇಕು, ಹೇಗೆ ಮಾತಾಡಬೇಕು ಎಂದು ಕಲಿಸಿಕೊಟ್ಟರು. ಹುಡುಗರ ಉತ್ಸಾಹಕ್ಕೆ ಓಣಿ ಬಲ್ಲ ಒಬ್ಬ ಸಿಸ್ಟರ್ ಜೊತೆಯಾದದ್ದೇ ಆ ಕೆಲಸ ಗಟ್ಟಿಯಾಗಿ ನೆಲೆಯೂರಲು ಕಾರಣ. ನಮ್ಮ ಊರುಗಳಲ್ಲಿ ಅಂಥ ಸಿಸ್ಟರುಗಳಿಗೇನು ಕೊರತೆಯೇ?

ಈಗ ಕೆಲಸದ ವಿವರಕ್ಕೆ ಬರುತ್ತೇವೆ. ಕಾಗದಪತ್ರದಿಂದಲೇ ಶುರು ಮಾಡೋಣ, ಏಕೆಂದರೆ ಹೆಚ್ಚು ಅರ್ಥವಾಗದೆ ಉಳಿದದ್ದು ಅದೇ.

ಗದಗ, ಹಾವೇರಿ ಕಡೆಯ ಹಳ್ಳಿ ಮತ್ತು ತಾಂಡಾಗಳಿಂದ ದುಡಿಯುವ ಮಂದಿ ಗೋವಾಕ್ಕೋ ಬೆಂಗಳೂರಿಗೋ ಗುಳೆ ಹೋಗುತ್ತಾರೆ. ಮನೆಯಲ್ಲಿ ಉಳಿಯುವವರು ಮುದುಕರು, ಮಕ್ಕಳು. ಹುಬ್ಬಳ್ಳಿಯ ತಗಡಿನ ಮನೆಗಳಲ್ಲೂ ಸ್ಥಿತಿ ಹೆಚ್ಚುಕಡಿಮೆ ಅದೇ. ಇಂಥ ಮನೆಯಲ್ಲಿ ‘ಪಿಂಚಣಿ ನಿಂತೈತಿ’ ಎಂದರೆ ಅದಕ್ಕೆ ಹತ್ತು ಕಾರಣ ಇರಬಹುದು. ಆದರೆ ಪದೇ ಪದೇ ಸಿಗುವವು ನಾಲ್ಕೇ.

ಮೊದಲನೆಯದು, ರೊಕ್ಕ ನಿಂತೇ ಇರುವುದಿಲ್ಲ, ಬೇರೆ ಖಾತೆಗೆ ಹೋಗುತ್ತಿರುತ್ತದೆ. ಆಧಾರ್ ಸಂಖ್ಯೆಯನ್ನು ಎಷ್ಟು ಖಾತೆಗಾದರೂ ಜೋಡಿಸಬಹುದು, ಆದರೆ ಸರ್ಕಾರದ ನೇರ ನಗದು, ಬ್ಯಾಂಕುಗಳ ನಡುವಿನ ಹಣ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಕೊನೆಗೆ ಜೋಡಣೆಯಾದ ಒಂದೇ ಬ್ಯಾಂಕಿಗೆ ಬರುತ್ತದೆ. ಸಂಘದ ಸಾಲಕ್ಕೆಂದೋ ಯಾರೋ ಓಣಿಗೆ ಬಂದು ತೆರೆಸಿದರೆಂದೋ ಅಜ್ಜಿಯ ಹೆಸರಿನಲ್ಲಿ ಇನ್ನೊಂದು ಖಾತೆ ಹುಟ್ಟಿಕೊಂಡಿರುತ್ತದೆ. ಹಳೆಯ ಪಾಸ್‌ಬುಕ್ಕು ಹಿಡಿದು ಬ್ಯಾಂಕಿಗೆ ಅಲೆದರೆ ‘ಬಂದಿಲ್ಲ’ ಎನ್ನುತ್ತಾರೆ, ಅದೂ ನಿಜವೇ. ಆದ್ದರಿಂದ ಅರ್ಜಿ ಬರೆಯುವ ಮುಂಚೆ ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆ ಯಾವ ಬ್ಯಾಂಕಿಗಿದೆ ಎಂದು ನೋಡಬೇಕು. ಅದಕ್ಕೆ ನೋಂದಾಯಿತ ಮೊಬೈಲಿಗೆ ಬರುವ ಒಟಿಪಿ ಬೇಕು. ಇಲ್ಲಿಗೆ ಎರಡನೆಯ ಕಾರಣ ಎದುರಾಗುತ್ತದೆ: ಆ ಮೊಬೈಲ್ ಗೋವಾಕ್ಕೆ ಹೋದ ಮಗನದು, ಇಲ್ಲವೇ ಎಂದೋ ರೀಚಾರ್ಜ್ ಮಾಡದೆ ಬಿಟ್ಟ ಸಿಮ್ಮು. ಹಾಗಿದ್ದಲ್ಲಿ ಮೊದಲ ಕೆಲಸ ಆಧಾರ್ ಕೇಂದ್ರದಲ್ಲಿ ಮೊಬೈಲ್ ಸಂಖ್ಯೆ ಬದಲಿಸುವುದು. ಈ ಕ್ರಮ ತಪ್ಪಿಸಿ ನೇರವಾಗಿ ಹೊಸ ಅರ್ಜಿ ಹಾಕಿದರೆ ಹಳೆಯದೂ ಹೊಸದೂ ಎರಡೂ ತೊಡಕಿಗೆ ಸಿಲುಕುತ್ತವೆ.

ಮೂರನೆಯದು ಹೆಸರು ಮತ್ತು ವಯಸ್ಸು. ರೇಷನ್ ಕಾರ್ಡಿನಲ್ಲಿ ‘ಯಲ್ಲವ್ವ’, ಆಧಾರ್‌ನಲ್ಲಿ ‘ಎಲ್ಲಮ್ಮ’, ಪಾಸ್‌ಬುಕ್ಕಿನಲ್ಲಿ ಗಂಡನ ಹೆಸರು ಸೇರಿದ ಇನ್ನೊಂದು ರೂಪ. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಜನವರಿ 1 ಎಂದು ಅಂದಾಜಿನ ವರ್ಷ ಬರೆದಿರುತ್ತಾರೆ, 68ರ ಮುದುಕಿ ಕಾಗದದಲ್ಲಿ 57 ಆಗಿರುತ್ತಾಳೆ. ತಿದ್ದಿಸುವ ಮುನ್ನ ಒಂದು ಮಾತು ನೆನಪಿರಲಿ: ಆಧಾರ್‌ನಲ್ಲಿ ಜನ್ಮದಿನಾಂಕವನ್ನು ಒಂದೇ ಸಲ, ಹೆಸರನ್ನು ಎರಡೇ ಸಲ ಬದಲಿಸಬಹುದು. ಅವಸರದಲ್ಲಿ ತಪ್ಪು ದಾಖಲೆ ಕೊಟ್ಟು ಆ ಅವಕಾಶ ಕಳೆದರೆ ಮುಂದೆ ದಾರಿ ಬಹಳ ಕಷ್ಟ. ಎಲ್ಲ ಕಾಗದಗಳನ್ನೂ ಸಾಲಾಗಿ ಹಾಸಿನ ಮೇಲೆ ಇಟ್ಟು, ಯಾವುದರಲ್ಲಿ ಯಾವ ಕಾಗುಣಿತ ಇದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು, ಯಾವುದನ್ನು ಆಧಾರವಾಗಿ ಹಿಡಿಯಬೇಕೆಂದು ತೀರ್ಮಾನಿಸಿದ ಮೇಲೆಯೇ ಮನೆ ಬಿಡಬೇಕು.

ನಾಲ್ಕನೆಯದು ಬೆರಳು. ಜೀವಮಾನವಿಡೀ ಇಟ್ಟಿಗೆ ಹೊತ್ತ, ಮೆಣಸಿನಕಾಯಿ ತುಂಬು (ತೊಟ್ಟು) ಬಿಡಿಸಿದ, ಪಾತ್ರೆ ತಿಕ್ಕಿದ ಕೈಯ ಹೆಬ್ಬೆಟ್ಟನ್ನು ಬೆಳಕಿಗೆ ಹಿಡಿದು ನೋಡಿ, ಗೆರೆಗಳೇ ಕಾಣುವುದಿಲ್ಲ, ಚರ್ಮ ನುಣ್ಣಗೆ ಹೊಳೆಯುತ್ತಿರುತ್ತದೆ. ಯಂತ್ರ ಅದನ್ನು ಒಪ್ಪುವುದಿಲ್ಲ. ಕೈ ತೊಳೆದು ಒರೆಸಿ, ಸ್ವಲ್ಪ ಹೊತ್ತು ಉಜ್ಜಿ, ಬೇರೆ ಬೆರಳುಗಳನ್ನೂ ಇಟ್ಟು ನೋಡಬೇಕು. ಆಗದಿದ್ದರೆ ಕಣ್ಣಿನ ಪಾಪೆಯ ಗುರುತು ತೆಗೆದುಕೊಳ್ಳುವಂತೆ ಕೇಳಬೇಕು. ಹಾಗೆ ಕೇಳಬಹುದೆಂದು ಗೊತ್ತಿಲ್ಲದೆ ಎಷ್ಟೋ ಮಂದಿ ವಾಪಸ್ ಬರುತ್ತಾರೆ. ನಡೆಯಲಾಗದವರಿದ್ದರೆ ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಪೋಸ್ಟ್‌ಮನ್ ಮನೆಗೇ ಬಂದು ಹಣ ಕೊಡುವ ವ್ಯವಸ್ಥೆ ಇದೆ. ಊರಿನ ಪೋಸ್ಟ್‌ಮನ್ನರ ಪರಿಚಯ ಮಾಡಿಕೊಳ್ಳುವುದು ಪ್ರತಿ ಜೋಡಿಯ ಮೊದಲ ತಿಂಗಳ ಕೆಲಸವಾಗಲಿ.

ಗೃಹಲಕ್ಷ್ಮಿಯದೂ ಹೀಗೆಯೇ. ರೇಷನ್ ಕಾರ್ಡಿನಲ್ಲಿ ಯಜಮಾನಿಯಾಗಿದ್ದ ಅತ್ತೆ ತೀರಿಕೊಂಡ ಮೇಲೆ ಸೊಸೆಯ ಹೆಸರಿಗೆ ಯಜಮಾನಿಕೆ ಬದಲಾಗದಿದ್ದರೆ ಮನೆಗೆ ಬರುವ 2,000 ರೂಪಾಯಿ ಅಲ್ಲಿಗೇ ನಿಲ್ಲುತ್ತದೆ. ನಾಡಕಚೇರಿಯಲ್ಲಿ ಏನೇ ಅರ್ಜಿ ಹಾಕಿದರೂ ಸರ್ಕಾರದ ಕಾಲಮಿತಿ ಸೇವೆಯಾದ ‘ಸಕಾಲ’ದ ಸಂಖ್ಯೆಯಿರುವ ಸ್ವೀಕೃತಿ ಚೀಟಿ ಇಲ್ಲದೆ ಕೌಂಟರ್ ಬಿಡಬೇಡಿ. ಬಾಯಿಮಾತಿನ ‘ಆಗ್ತದ ಹೋಗ್ರಿ’ ಮುಂದಿನ ವಾರ ಯಾರಿಗೂ ನೆನಪಿರುವುದಿಲ್ಲ. ಸ್ಥಳ ಪರಿಶೀಲನೆಗೆ ಗ್ರಾಮ ಆಡಳಿತಾಧಿಕಾರಿ ಬರುವ ದಿನ ಮನೆಯಲ್ಲಿ ಯಾರೂ ಸಿಗದೆ ಅರ್ಜಿ ತಿರಸ್ಕೃತವಾಗುವುದುಂಟು. ಪಕ್ಕದ ಮನೆಯವರಿಗೆ ಹೇಳಿಟ್ಟರೆ ಅದನ್ನು ತಪ್ಪಿಸಬಹುದು.

ಈ ಕೆಲಸದಲ್ಲಿ ಎಡವಿದರೆ ನಷ್ಟ ಬಡವರದು, ಆದ್ದರಿಂದ ಕೆಲವು ವಿಷಯಗಳಲ್ಲಿ ರಾಜಿ ಇರಬಾರದು. ಒಟಿಪಿಯನ್ನು ಅವರ ಫೋನಿನಲ್ಲಿ ಅವರೇ ಓದಿ ಹೇಳಬೇಕು. ಆಧಾರ್ ಕಾರ್ಡಿನ ಫೋಟೋ ನಮ್ಮ ಮೊಬೈಲಿನಲ್ಲಿ ಉಳಿಯಬಾರದು, ವಾಟ್ಸಾಪ್ ಗುಂಪಿಗಂತೂ ಹೋಗಲೇಬಾರದು. ಝೆರಾಕ್ಸ್ ಉಳಿದರೆ ಅವರ ಕೈಗೇ ವಾಪಸ್. ಎಟಿಎಂ ಕಾರ್ಡು, ಪಿನ್ನು, ಅವರ ಪರವಾಗಿ ಹಣ ತೆಗೆಯುವುದು, ಮೂರನ್ನೂ ಮುಟ್ಟಬೇಡಿ, ಅವರೇ ಕೈಮುಗಿದು ಕೇಳಿದರೂ. ‘ಮಾಡಿಸಿಕೊಡುತ್ತೇವೆ’ ಎಂಬ ಮಾತು ಆಡಬೇಡಿ, ‘ಕೇಳಿ ಹೇಳುತ್ತೇವೆ’ ಎನ್ನಿ, ಹೇಳಿದ ದಿನ ಉತ್ತರ ಏನೇ ಇರಲಿ ಹೋಗಿ ಹೇಳಿ.

ಮನೆ ಭೇಟಿ ಹೇಗಿರಬೇಕು? ಇಬ್ಬಿಬ್ಬರ ಜೋಡಿ, ಜೋಡಿಗೆ ಐದು ಮನೆ, ವಾರಕ್ಕೆ ಎರಡು ತಾಸು. ಎರಡು ತಾಸಿನಲ್ಲಿ ಎರಡು ಅಥವಾ ಮೂರು ಮನೆ ಆಗುತ್ತವೆ. ಹಾಗಾದರೆ ಪ್ರತಿ ಮನೆಗೂ ಹದಿನೈದು ದಿನಕ್ಕೊಮ್ಮೆ ಹೋದಂತೆ. ಐದಕ್ಕಿಂತ ಹೆಚ್ಚು ಮನೆ ಹಿಡಿದ ಜೋಡಿಗಳು ಮೂರು ತಿಂಗಳೊಳಗೆ ಸೋಲುತ್ತವೆ, ಹೆಸರುಗಳೇ ಕಲಸಿಹೋಗುತ್ತವೆ. ಒಂಟಿ ಹೆಣ್ಣುಮಕ್ಕಳಿರುವ ಮನೆಗೆ ಹೋಗುವ ಜೋಡಿಯಲ್ಲಿ ಒಬ್ಬ ಯುವತಿ ಇರಲೇಬೇಕು. ಕತ್ತಲಾಗುವ ಮೊದಲು ಎಲ್ಲರೂ ಮನೆ ಸೇರುವಂತೆ ಸಮಯ ಇಟ್ಟುಕೊಳ್ಳಬೇಕು, ಯಾವ ಓಣಿಯಲ್ಲಿದ್ದೇವೆಂದು ಚರ್ಚಿನಲ್ಲಿ ಒಬ್ಬರಿಗೆ ಗೊತ್ತಿರಬೇಕು. ಹದಿನೈದು ಜನ ಬ್ಯಾನರ್ ಹಿಡಿದು ಒಂದು ಕೋಣೆಯ ಮನೆಗೆ ನುಗ್ಗಿದರೆ ಅಲ್ಲಿಯ ಹೆಣ್ಣುಮಗಳು ತನ್ನ ಕಷ್ಟ ಹೇಳುವುದಿಲ್ಲ, ಕುರ್ಚಿ ಹುಡುಕಲು ಹೊರಗೆ ಓಡುತ್ತಾಳೆ.

ಮೊದಲ ಭೇಟಿಗೆ ಕೈಯಲ್ಲಿ ಏನೂ ಒಯ್ಯಬೇಡಿ. ಅಕ್ಕಿ ಚೀಲದೊಂದಿಗೆ ಶುರುವಾದ ಪರಿಚಯ ಅಕ್ಕಿ ಚೀಲದಲ್ಲೇ ನಿಲ್ಲುತ್ತದೆ. ಮುಂದಿನ ಸಲ ಖಾಲಿ ಕೈಯಲ್ಲಿ ಹೋದರೆ ಅವರಿಗೂ ಬೇಸರ, ನಮಗೂ ಸಂಕೋಚ. ಅವರು ಕೊಟ್ಟ ಚಾ ಕುಡಿಯಿರಿ, ಬೇಡವೆನ್ನಬೇಡಿ. ಅಡುಗೆ ಯಾರು ಮಾಡುತ್ತಾರೆ, ನಿನ್ನೆ ರಾತ್ರಿ ಏನು ಉಂಡಿರಿ, ನೀರು ಎಲ್ಲಿಂದ ತರುತ್ತೀರಿ, ಯಾವ ಗುಳಿಗೆ ನುಂಗುತ್ತೀರಿ, ಇವು ಕೇಳಬೇಕಾದ ಮಾತುಗಳು. ಗುಳಿಗೆಗಳನ್ನು ತೋರಿಸಿ ಎಂದರೆ ಸಾಮಾನ್ಯವಾಗಿ ಒಂದು ಪ್ಲಾಸ್ಟಿಕ್ ಚೀಲ ಹೊರಬರುತ್ತದೆ. ಅದರಲ್ಲಿ ಅಂಗಡಿಯವರು ಪಟ್ಟಿಯಿಂದ ನಾಲ್ಕೈದು ಗುಳಿಗೆ ಮಾತ್ರ ಕತ್ತರಿಸಿ ಕೊಟ್ಟ ತುಂಡುಗಳಿರುತ್ತವೆ, ಹೆಸರು ಒಂದು ತುಂಡಿನಲ್ಲಿ, ಅವಧಿ ಮುಗಿಯುವ ದಿನಾಂಕ ಇನ್ನೊಂದರಲ್ಲಿ. ಒಂದೇ ಬಿಪಿ ಔಷಧ ಎರಡು ಕಂಪನಿಯ ಎರಡು ಹೆಸರಿನಲ್ಲಿ ಬಂದು, ಅಜ್ಜ ಎರಡನ್ನೂ ನುಂಗುತ್ತಿರುವ ಸಾಧ್ಯತೆ ಇಲ್ಲಿದೆ. ಅದನ್ನು ನಾವು ನಿರ್ಧರಿಸಬಾರದು, ಯಾವ ಗುಳಿಗೆಯನ್ನೂ ನಿಲ್ಲಿಸಿ ಎನ್ನಬಾರದು. ಚೀಲವನ್ನು ಹಾಗೆಯೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಮುಂದೆ ಇಡಿಸುವುದಷ್ಟೇ ನಮ್ಮ ಕೆಲಸ.

ಕ್ಷಯ ರೋಗಿಗಳಿರುವ ಮನೆಯಲ್ಲಿ ಭೇಟಿಯ ಬೆಲೆ ಗೊತ್ತಾಗುತ್ತದೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧ. ಎರಡನೆಯ ತಿಂಗಳಲ್ಲಿ ಕೆಮ್ಮು ನಿಂತು, ಹಸಿವೆ ಹೆಚ್ಚಿ, ಮೈ ಹಗುರಾದಾಗ ಗುಳಿಗೆ ಬಿಡುವ ಮನಸ್ಸಾಗುತ್ತದೆ, ಕೂಲಿಗೆ ಹೋಗುವ ಅವಸರವೂ ಸೇರುತ್ತದೆ. ಅಲ್ಲಿಗೆ ಬಿಟ್ಟರೆ ಉಳಿದ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗುತ್ತವೆ, ಮುಂದಿನ ಚಿಕಿತ್ಸೆ ಇನ್ನೂ ಕಠಿಣ. ಆ ಎರಡರಿಂದ ನಾಲ್ಕನೆಯ ತಿಂಗಳ ನಡುವೆ ಯಾರಾದರೂ ಹೋಗಿ ‘ಗುಳಿಗಿ ತಗೊಂಡ್ರೇನ್ರಿ ಕಾಕಾ’ ಎಂದು ಕೇಳುವುದು ದೊಡ್ಡ ಕೆಲಸ. ಪೌಷ್ಟಿಕ ಆಹಾರಕ್ಕಾಗಿ ಸರ್ಕಾರ ತಿಂಗಳಿಗೆ ಕೊಡುವ ಹಣ 2024ರ ನವೆಂಬರ್‌ನಿಂದ 500ರ ಬದಲು 1,000 ರೂಪಾಯಿ ಆಗಿದೆ. ಅದೂ ಬ್ಯಾಂಕ್ ಖಾತೆಗೇ ಬರುತ್ತದೆ, ಅಂದರೆ ಮೇಲೆ ಹೇಳಿದ ತೊಡಕುಗಳೆಲ್ಲ ಅಲ್ಲಿಯೂ ಇವೆ.

ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆಗೆ ಸುತ್ತಲಿನ ಜಿಲ್ಲೆಗಳಿಂದ ರೋಗಿಗಳು ಬರುತ್ತಾರೆ, ಜೊತೆಗೆ ಬಂದವರು ಯಾವ ಕೌಂಟರಿಗೆ ಹೋಗಬೇಕೆಂದು ತಿಳಿಯದೆ ಅರ್ಧ ದಿನ ಕಳೆಯುತ್ತಾರೆ. ಹಣ್ಣು ಹಂಚುವುದಕ್ಕಿಂತ ಅವರ ಪಕ್ಕದಲ್ಲಿ ನಡೆಯುವವರು ಬೇಕು. ಆಯುಷ್ಮಾನ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆದರೆ ತುರ್ತಲ್ಲದ ಕಾಯಿಲೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಇಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆ ಸೇರಿದರೆ ಅದು ಸಿಗುವುದಿಲ್ಲ. ಈ ಒಂದು ಮಾತು ಮೊದಲೇ ಗೊತ್ತಿದ್ದರೆ ಒಂದು ಕುಟುಂಬದ ಹೊಲ ಉಳಿಯುತ್ತದೆ.

ರಕ್ತದಾನದ ಬಗ್ಗೆ ಚಿಕ್ಕದಾಗಿ. ಹಬ್ಬದ ದಿನವೇ ನೂರು ಮಂದಿ ಕೊಡುವ ಶಿಬಿರ ನೋಡಲು ಚೆನ್ನ, ಆದರೆ ಶೇಖರಿಸಿಟ್ಟ ಕೆಂಪು ರಕ್ತಕಣಗಳ ಆಯುಷ್ಯ ಹೆಚ್ಚೆಂದರೆ 42 ದಿನ, ಪ್ಲೇಟ್‌ಲೆಟ್‌ಗಳದು 5 ದಿನ. ಕಾಲೇಜುಗಳಿಗೆ ರಜೆ ಇರುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಕೊಡುವವರಿಲ್ಲದೆ ಒದ್ದಾಟ. ಗಂಡಸರು ಮೂರು ತಿಂಗಳಿಗೆ, ಹೆಂಗಸರು ನಾಲ್ಕು ತಿಂಗಳಿಗೆ ಒಮ್ಮೆ ಕೊಡಬಹುದು. 18 ವರ್ಷ ತುಂಬಿರಬೇಕು, ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ 12.5 ಇರಬೇಕು. ಯುವಜನರ ಪಟ್ಟಿಯನ್ನು ನಾಲ್ಕು ಭಾಗ ಮಾಡಿ ವರ್ಷಕ್ಕೆ ಹಂಚಿಕೊಂಡರೆ ರಕ್ತನಿಧಿಗೆ ನಿಜವಾದ ನೆರವು. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಉಪವಾಸವಿದ್ದ ದಿನ ಮಾತ್ರ ಯಾರೂ ಕೊಡಬೇಡಿ, ತಲೆತಿರುಗಿ ಬೀಳುತ್ತೀರಿ.

ಮಳೆಗಾಲದ ಮಾತು ಬೇರೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ನರಗುಂದ, ರೋಣದ ಹಳ್ಳಿಗಳಿಗೆ ನುಗ್ಗಿದ್ದನ್ನು, ನವಲಗುಂದದ ಕಡೆ ಬೆಣ್ಣಿಹಳ್ಳ ಉಕ್ಕುವುದನ್ನು, ಹಾವೇರಿಯಲ್ಲಿ ವರದೆ ದಂಡೆ ಮೀರುವುದನ್ನು ನಮ್ಮ ಭಾಗದವರಿಗೆ ಹೇಳಿಕೊಡಬೇಕಿಲ್ಲ. ಅಂಥ ಹೊತ್ತಿನಲ್ಲಿ ಚರ್ಚಿಗೆ ಗಾಡಿಗಟ್ಟಲೆ ಹಳೆಯ ಬಟ್ಟೆ ಬಂದು ಬೀಳುತ್ತದೆ. ದಯವಿಟ್ಟು ಅದನ್ನು ಕೇಳಬೇಡಿ. ವಿಂಗಡಿಸಲು ಜನ ಸಾಲುವುದಿಲ್ಲ, ಒದ್ದೆಯಾಗಿ ವಾಸನೆ ಹಿಡಿಯುತ್ತದೆ. ಬೇಕಾದದ್ದು ಚಾಪೆ, ಬೆಡ್‌ಶೀಟು, ಹೊಸ ಒಳಉಡುಪು, ಸ್ಯಾನಿಟರಿ ಪ್ಯಾಡು, ಮುಚ್ಚಳದ ಬಕೆಟ್ಟು, ಟಾರ್ಪಾಲು, ಓಆರ್‌ಎಸ್. ಊಟಕ್ಕೆ ನಮ್ಮ ಖಡಕ್ ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿಗೆ ಸಮನಾದದ್ದು ಇನ್ನೊಂದಿಲ್ಲ. ಒಲೆ ಬೇಡ, ನೀರು ಬೇಡ, ವಾರಗಟ್ಟಲೆ ಕೆಡುವುದಿಲ್ಲ. ಒಂದು ಕುಟುಂಬಕ್ಕೆ 20 ರೊಟ್ಟಿ, ಕಾಲು ಕಿಲೋ ಚಟ್ನಿ ಎಂದು ಲೆಕ್ಕ ಹಾಕಿ. ರೊಟ್ಟಿ ಪೂರ್ತಿ ಆರುವ ಮೊದಲೇ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಬೆವರಿ ಮೂರನೆಯ ದಿನಕ್ಕೆ ಬೂಸ್ಟು ಹಿಡಿಯುತ್ತದೆ, ಅದಕ್ಕೆ ರಾತ್ರಿಯಿಡೀ ಹರಡಿಟ್ಟು ಆರಿಸಿ, ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ ಜೋಡಿಸಬೇಕು. ಅನ್ನ ಕಳಿಸುವುದೇ ಆದರೆ ಬೇಯಿಸಿದ ಎರಡು ತಾಸಿನೊಳಗೆ ತಿನ್ನುವವರ ಕೈ ಸೇರಬೇಕು. ಬೆಳಗ್ಗೆ ಆರಕ್ಕೆ ಮಾಡಿ ಮಧ್ಯಾಹ್ನ ಹಂಚಿದ ಪಲಾವಿನಿಂದ ಪರಿಹಾರ ಕೇಂದ್ರಕ್ಕೆ ಪರಿಹಾರದ ಬದಲು ವಾಂತಿ ಭೇದಿ ಹೋಗುತ್ತದೆ.

ನೀರು ಇಳಿದ ಮೇಲೆ ಎಲ್ಲರೂ ಹೊರಟುಹೋಗುತ್ತಾರೆ, ನಮ್ಮ ಕೆಲಸ ಶುರುವಾಗಬೇಕಾದದ್ದು ಆಗ. ಬಾವಿಯನ್ನು ಪಂಚಾಯತಿ ಮತ್ತು ಆಶಾ ಕಾರ್ಯಕರ್ತೆಯರ ಜೊತೆ ಸೇರಿ ಶುದ್ಧಗೊಳಿಸಬಹುದು. ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆದು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಅದನ್ನು 785ರಿಂದ ಗುಣಿಸಿದರೆ ಲೀಟರು ಸಿಗುತ್ತದೆ. ಪ್ರತಿ 1,000 ಲೀಟರಿಗೆ ಒಳ್ಳೆಯ ಬ್ಲೀಚಿಂಗ್ ಪುಡಿ ಸುಮಾರು 2.5 ಗ್ರಾಂ. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 9,400 ಲೀಟರು, ಪುಡಿ 24 ಗ್ರಾಂ. ನೆರೆಯ ರಾಡಿ ನೀರಿಗೆ ಈ ಪ್ರಮಾಣ ಸಾಲದು, ಮೊದಲು ಕೆಸರು ತೆಗೆಸಬೇಕು, ಎಷ್ಟು ಹೆಚ್ಚಿಸಬೇಕೆಂದು ಆರೋಗ್ಯ ಇಲಾಖೆಯವರು ಪರೀಕ್ಷಿಸಿ ಹೇಳಬೇಕು. ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಬಾವಿಗೆ ಇಳಿಸಿ ಅಲ್ಲಾಡಿಸಬೇಕು. ಸುಣ್ಣ ಸುರಿದರೆ ನೀರು ಗಡಸಾಗುತ್ತದೆ. ಕನಿಷ್ಠ ಒಂದು ತಾಸು ಬಿಟ್ಟು ಬಳಸಬೇಕು. ಬಾಯಿ ತೆರೆದಿಟ್ಟ ಹಳೆಯ ಚೀಲದ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ, ಅದನ್ನು ಎಷ್ಟು ಹಾಕಿದರೂ ಪ್ರಯೋಜನವಿಲ್ಲ.

ಮಕ್ಕಳಿಗೆ ಸಂಜೆ ಪಾಠ ಹೇಳುವ ಕೇಂದ್ರಗಳನ್ನು ಬಹಳ ಧರ್ಮಕೇಂದ್ರಗಳು ಬಯಸುತ್ತವೆ. ಸ್ವಾಗತ. ಆದರೆ ಯಾವ ಹೊತ್ತಿನಲ್ಲೂ ಇಬ್ಬರು ವಯಸ್ಕರಿಲ್ಲದೆ ಕೇಂದ್ರ ತೆರೆಯಬಾರದು, ಬಾಗಿಲು ಮುಚ್ಚಬಾರದು, ಒಬ್ಬ ಮಗುವನ್ನು ಒಬ್ಬರೇ ಬೈಕಿನಲ್ಲಿ ಮನೆಗೆ ಬಿಡಬಾರದು, ಪೋಷಕರ ಒಪ್ಪಿಗೆ ಲಿಖಿತವಾಗಿರಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯ 19ನೆಯ ಸೆಕ್ಷನ್ ಪ್ರಕಾರ ಕಡ್ಡಾಯ. ‘ಮೊದಲು ಗುರುಗಳಿಗೆ ಹೇಳಿ ನೋಡೋಣ, ಒಳಗೊಳಗೇ ಸರಿಮಾಡೋಣ’ ಎನ್ನುವ ಹಾಗಿಲ್ಲ, ಆರೋಪ ಯಾರ ಮೇಲಿದ್ದರೂ ಸರಿ. ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ಮಕ್ಕಳಿಗೇ ಕಾಣುವಂತೆ ಗೋಡೆಯ ಮೇಲೆ ಬರೆಯಿಸಿ.

ಇನ್ನು, ಎಲ್ಲರ ಮನಸ್ಸಿನಲ್ಲಿದ್ದೂ ಬಾಯಿಬಿಡದ ವಿಷಯ. ಚರ್ಚಿನವರು ಮನೆಗೆ ಬಂದರೆ ಮತಾಂತರಕ್ಕೆ ಬಂದರು ಎಂಬ ಅನುಮಾನ ನಮ್ಮ ಊರುಗಳಲ್ಲಿದೆ. ಅದಕ್ಕೆ ನಮ್ಮ ಉತ್ತರ ನಡವಳಿಕೆಯಲ್ಲಿ ಸ್ಪಷ್ಟವಾಗಿರಬೇಕು. ಯಾರು ಎಂದು ಕೇಳಿದರೆ ಇಂಥ ಚರ್ಚಿನವರು ಎಂದು ನೇರವಾಗಿ ಹೇಳಿ, ಮುಚ್ಚಿಡಬೇಡಿ. ಕರಪತ್ರ, ಜಪಮಾಲೆ, ಪೂಜೆಗೆ ಬನ್ನಿ ಎಂಬ ಆಮಂತ್ರಣ ಯಾವುದೂ ಬೇಡ. ಕಾಯಿಲೆಯವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವುದೂ ಬೇಡ. ಕಾನೂನಿಗೆ ಹೆದರಿ ಹೀಗೆ ಹೇಳುತ್ತಿಲ್ಲ. ಪ್ರೀತಿಯ ಸೇವೆಯನ್ನು ಮತಪ್ರಚಾರದ ಸಾಧನವಾಗಿ ಬಳಸಬಾರದು, ಪ್ರೀತಿ ಬೇರೆ ಉದ್ದೇಶಕ್ಕಾಗಿ ಇರುವಂಥದ್ದಲ್ಲ ಎಂದು ಪೋಪ್ 16ನೆಯ ಬೆನೆಡಿಕ್ಟರು 2005ರ ಕ್ರಿಸ್ಮಸ್ ದಿನಾಂಕದ ತಮ್ಮ ಮೊದಲ ವಿಶ್ವಪತ್ರದಲ್ಲೇ ಬರೆದಿದ್ದಾರೆ. ನಮ್ಮ ಪ್ರಾರ್ಥನೆಗೆ ಸ್ಥಳ ಇದೆ: ಹೊರಡುವ ಮುನ್ನ ಪರಮಪ್ರಸಾದದ ಮುಂದೆ ಹತ್ತು ನಿಮಿಷ, ಬಂದ ಮೇಲೆ ಯಾರ ಹೆಸರನ್ನೂ ಎತ್ತದೆ ಹದಿನೈದು ನಿಮಿಷದ ಹಂಚಿಕೆ. ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯದಲ್ಲಿ ಹಸಿದವನ, ರೋಗಿಯ, ಸೆರೆಯಾಳಿನ ರೂಪದಲ್ಲಿ ಕ್ರಿಸ್ತನೇ ಆಗಲೇ ಆ ಮನೆಗಳಲ್ಲಿದ್ದಾನೆ. ಆತನನ್ನು ಹೊತ್ತು ಒಯ್ಯುವ ಅಗತ್ಯ ನಮಗಿಲ್ಲ. ಸಿದ್ಧಾರೂಢ ಮಠದ ದಾಸೋಹದಲ್ಲಿ ಜಾತಿ ಕೇಳದೆ ಉಣಬಡಿಸುವ ಊರು ನಮ್ಮದು, ಅಂಥ ಕಡೆಯ ಸ್ವಯಂಸೇವಕರ ಜೊತೆ ಕೂಡಿ ಕೆಲಸ ಮಾಡಿದರೆ ಅನುಮಾನ ತಾನಾಗಿ ಕರಗುತ್ತದೆ. ಊಟ ಈಗಾಗಲೇ ಸಿಗುವ ಜಾಗದಲ್ಲಿ ನಾವು ಮತ್ತೊಂದು ಊಟ ಹಂಚುವುದೂ ತಪ್ಪುತ್ತದೆ.

ಫೋಟೋ ತೆಗೆಯಬೇಡಿ. ಕೊಡುವ ಕೈಯನ್ನೂ ತೆಗೆದುಕೊಳ್ಳುವ ಮುಖವನ್ನೂ ಒಂದೇ ಚೌಕಟ್ಟಿನಲ್ಲಿ ಹಾಕಿ ಪ್ರಕಟಿಸುವುದು ಆ ಮನೆಯವರನ್ನು ಓಣಿಯಲ್ಲಿ ಸಣ್ಣವರನ್ನಾಗಿ ಮಾಡುತ್ತದೆ.

ಗುರುಗಳೇ, ಇಷ್ಟಕ್ಕೆ ನಿಮ್ಮಿಂದ ಬೇಕಾದದ್ದು ದೊಡ್ಡ ಮೊತ್ತವಲ್ಲ. ಭಾನುವಾರದ ಬಲಿಪೂಜೆಯ ನಂತರ ಸಭಾಂಗಣದ ಒಂದು ಮೂಲೆಯಲ್ಲಿ ಮೇಜು ಹಾಕಲು ಒಂದು ತಾಸು ಅವಕಾಶ ಕೊಡಿ, ಅದು ಎಲ್ಲ ಧರ್ಮದವರಿಗೂ ತೆರೆದಿರಲಿ. ನಾಲ್ಕು ಜೋಡಿಗಳಿಗೆ ಬಸ್ ಚಾರ್ಜು, ಝೆರಾಕ್ಸು, ಪಾಸ್‌ಪೋರ್ಟ್ ಫೋಟೋ, ಆಧಾರ್ ಶುಲ್ಕ ಸೇರಿ ತಿಂಗಳಿಗೆ 2,000 ರೂಪಾಯಿ ಸಾಕು. ಅದಕ್ಕೆ ಇಬ್ಬರ ಸಹಿ, ಒಂದು ನಗದು ಪುಸ್ತಕ, ಮೂರು ತಿಂಗಳಿಗೊಮ್ಮೆ ಪರಿಷತ್ತಿನ ಮುಂದೆ ಲೆಕ್ಕ. ಓಣಿ ಬಲ್ಲ ಒಬ್ಬ ಸಿಸ್ಟರನ್ನು ಈ ಜೋಡಿಗಳಿಗೆ ಮಾರ್ಗದರ್ಶಕರಾಗಿ ನೇಮಿಸಿ, ಅವರ ಶಾಲೆಯ ಕೆಲಸದಲ್ಲಿ ಅಷ್ಟು ಹೊತ್ತು ಕಡಿಮೆ ಮಾಡಿ. ಮನೆಯಲ್ಲಿ ಕೊಂಕಣಿ, ತಮಿಳು, ಮಲಯಾಳ ಆಡುವ ನಮ್ಮ ಯುವಕರಲ್ಲಿ ಕೆಲವರಿಗೆ ಕನ್ನಡ ಅರ್ಜಿ ಬರೆಯಲು ಬರುವುದಿಲ್ಲ. ಜೋಡಿ ಮಾಡುವಾಗ ಒಬ್ಬರಾದರೂ ಕನ್ನಡ ಓದಿ ಬರೆಯುವವರಿರುವಂತೆ ನೋಡಿ.

ಧರ್ಮಾಧ್ಯಕ್ಷರೇ, ಯುವಜನ ಆಯೋಗವು ಧರ್ಮಕೇಂದ್ರಗಳಿಂದ ವರದಿ ಕೇಳುವಾಗ ಎಷ್ಟು ಕಾರ್ಯಕ್ರಮ, ಎಷ್ಟು ಮಂದಿ ಎಂದು ಕೇಳದೆ ಎಷ್ಟು ಅರ್ಜಿ ಇತ್ಯರ್ಥವಾಯಿತು, ಎಷ್ಟು ಬಾಕಿ, ಏಕೆ ಬಾಕಿ ಎಂದು ಕೇಳುವಂತೆ ಸೂಚಿಸಿ. ಬಾಕಿಯ ಕಾರಣಗಳನ್ನು ಧರ್ಮಕ್ಷೇತ್ರದ ಮಟ್ಟದಲ್ಲಿ ಒಟ್ಟುಮಾಡಿದರೆ ಯಾವ ತಾಲೂಕಿನಲ್ಲಿ ಏನು ತಡೆಯಾಗಿದೆ ಎಂದು ತಿಳಿಯುತ್ತದೆ. ಅದನ್ನು ಹಿಡಿದು ತಾವು ಜಿಲ್ಲಾಧಿಕಾರಿಗಳ ಬಳಿ ಮಾತಾಡಬಹುದು, ಒಂದೊಂದು ಜೋಡಿಗೆ ಆಗದ ಕೆಲಸ ಅದು.

ಗೆಳೆಯರೇ, ಗೆಳತಿಯರೇ, ನಿಮಗೂ ಒಂದು ಮಾತು. 2025ರ ಸೆಪ್ಟೆಂಬರ್ 7ರಂದು ಸಂತರೆಂದು ಘೋಷಿತರಾದ ಇಟಲಿಯ ಯುವಕ ಪಿಯೆರ್ ಜಾರ್ಜಿಯೊ ಫ್ರಸ್ಸಾತಿ 1925ರಲ್ಲಿ ತೀರಿಕೊಂಡಾಗ ಅವರಿಗೆ 24 ವರ್ಷ. ಪೋಲಿಯೊದಿಂದ ಕೈ ಸ್ವಾಧೀನ ತಪ್ಪುತ್ತಿದ್ದಾಗ ಅವರು ಕಷ್ಟಪಟ್ಟು ಗೀಚಿದ ಚೀಟಿಯಲ್ಲಿ ಇದ್ದದ್ದು ಒಬ್ಬ ಬಡ ರೋಗಿಗೆ ತಲುಪಿಸಬೇಕಾದ ಇಂಜೆಕ್ಷನ್ನಿನ ವಿಷಯ. ತಾನು ವಹಿಸಿಕೊಂಡ ಮನೆಯ ಬಾಕಿ ಕೆಲಸ ಏನೆಂದು ಆ ಹುಡುಗನಿಗೆ ಕೊನೆಯವರೆಗೂ ನೆನಪಿತ್ತು. ನಮ್ಮಿಂದ ಬೇಕಾದದ್ದೂ ಅಷ್ಟೇ ನೆನಪು. ಮಾರ್ಚ್‌ನಲ್ಲಿ ಪರೀಕ್ಷೆ ಬರುತ್ತದೆ, ಜೋಡಿಗಳು ಒಡೆಯುತ್ತವೆ, ಬೇಸಿಗೆ ಮುಗಿಯುವಷ್ಟರಲ್ಲಿ ಕೆಲಸವೇ ನಿಂತುಹೋಗುತ್ತದೆ. ಅದಕ್ಕಾಗಿ ಪ್ರತಿ ಜೋಡಿಯಲ್ಲಿ ಒಬ್ಬರು ಓದುವವರು, ಒಬ್ಬರು ದುಡಿಯುವವರು ಇರಲಿ. ಊರು ಬಿಟ್ಟು ಹೋಗುವವರು ಒಂದು ತಿಂಗಳು ಮೊದಲೇ ಹೊಸಬರನ್ನು ಕರೆದುಕೊಂಡು ಐದೂ ಮನೆಗೆ ಹೋಗಿ ಪರಿಚಯಿಸಿ. ಒಂದು ವರ್ಷಕ್ಕೆ ಒಪ್ಪಿಕೊಳ್ಳಲು ಆಗದವರು ಭಾನುವಾರದ ಮೇಜಿನಲ್ಲಿ ಅರ್ಜಿ ಬರೆಯಲು ಬನ್ನಿ, ಮನೆಗಳನ್ನು ಮಾತ್ರ ಹಿಡಿಯಬೇಡಿ. ಎರಡು ಸಲ ಬಂದು ಮೂರನೆಯ ಸಲ ಬಾರದವರಿಗಾಗಿ ಮುದುಕರು ಬಾಗಿಲಲ್ಲಿ ಕೂತಿರುತ್ತಾರೆ.

ಭೇಟಿ ಪುಸ್ತಕದ ಮಾದರಿ ಸರಳ: ದಿನಾಂಕ, ಮನೆಯ ಗುರುತು ಸಂಖ್ಯೆ, ಕೇಳಿದ್ದು, ಯಾರು ವಿಚಾರಿಸುತ್ತಾರೆ, ಯಾವ ದಿನದೊಳಗೆ, ಏನಾಯಿತು. ಆರು ಕಾಲಮು, ಇನ್ನೂರು ಪುಟದ ಒಂದು ನೋಟ್‌ಬುಕ್ಕು ನಾಲ್ಕು ಜೋಡಿಗಳಿಗೆ ವರ್ಷಕ್ಕೆ ಸಾಕು, ಅದು ಚರ್ಚಿನ ಕಪಾಟಿನಲ್ಲಿ ಬೀಗದೊಳಗಿರಲಿ. ಅರ್ಜಿ ಬರೆಯುವುದು, ಬ್ಯಾಂಕ್ ಜೋಡಣೆ ಪರೀಕ್ಷಿಸುವುದು, ಭೇಟಿಯ ನಿಯಮಗಳು, ಇಷ್ಟನ್ನೂ ಕಲಿಸಲು ಒಂದು ಶನಿವಾರದ ಮಧ್ಯಾಹ್ನ ಸಾಕು. ಯಾವ ಧರ್ಮಕೇಂದ್ರದಿಂದ ಕರೆ ಬಂದರೂ ಬಂದು ಕಲಿಸಿಕೊಡಲು ನಾವು ಸಿದ್ಧ. ಈ ಪತ್ರವನ್ನು ಬರುವ ಪಾಲನಾ ಪರಿಷತ್ತಿನ ಸಭೆಯ ವಿಷಯಪಟ್ಟಿಗೆ ಸೇರಿಸಿ, ಮೇಜು, ಹಣ, ಸಿಸ್ಟರ್ ಈ ಮೂರರ ಬಗ್ಗೆ ಹೌದು ಅಥವಾ ಇಲ್ಲ ಎಂಬ ನಿರ್ಣಯವನ್ನು ಆ ಭಾನುವಾರದ ಪ್ರಕಟಣೆಗಳಲ್ಲಿ ಓದಿ ತಿಳಿಸಬೇಕೆಂದು ಕೋರುತ್ತೇವೆ.

ಕ್ರಿಸ್ತನಲ್ಲಿ ನಿಮ್ಮವರು,
ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿಯ ಕೆಲವು ಕಥೋಲಿಕ ಯುವಕ ಯುವತಿಯರು